ಖರ್ಚಿಗೆ ಒಂದು ತಿಂಗಳು ಬಿಡುವು ಕೊಟ್ಟರೆ ಏನು ಕಾಣುತ್ತದೆ?

ಸಂಬಳ ಬಂದು ಇನ್ನೂ ಹದಿನೈದು ದಿನ ಆಗಿರುವುದಿಲ್ಲ, ಖಾತೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಏನು ತಗೊಂಡೆ ಅಂತ ಕೇಳಿಕೊಂಡರೆ ದೊಡ್ಡದು ಯಾವುದೂ ನೆನಪಿಗೆ ಬರುವುದಿಲ್ಲ. ಮನೆಗೆ ಹೊಸ ಸಾಮಾನು ಬಂದಿಲ್ಲ, ಊರು ಸುತ್ತಿಲ್ಲ, ಯಾರಿಗೂ ಸಾಲ ಕೊಟ್ಟಿಲ್ಲ. ಆದರೂ ದುಡ್ಡು ಹೋಗಿದೆ. ಈ ಅನುಭವ ನಿಮಗೂ ಆಗಿರಬಹುದು, ಅಲ್ವಾ?

ಇಂಥ ಹೊತ್ತಿನಲ್ಲಿ ಹಲವರು ಒಂದು ಪ್ರಯೋಗಕ್ಕೆ ಕೈ ಹಾಕುತ್ತಾರೆ. ಒಂದು ವಾರವೋ ಒಂದು ತಿಂಗಳೋ ಅಗತ್ಯವಿಲ್ಲದ ಖರ್ಚನ್ನು ಪೂರ್ತಿ ನಿಲ್ಲಿಸಿಬಿಡುವುದು. ಬಾಡಿಗೆ, ದಿನಸಿ, ಕರೆಂಟು, ಔಷಧ, ಕೆಲಸದ ಓಡಾಟ ಎಲ್ಲ ಎಂದಿನಂತೆ ನಡೆಯುತ್ತವೆ. ಉಳಿದದ್ದಕ್ಕೆ ಬೀಗ. ಹೊಟ್ಟೆಗೆ ಉಪವಾಸ ಇರುವ ಹಾಗೆ ಇದು ಜೇಬಿಗೆ ಉಪವಾಸ.

ಕೇಳುವುದಕ್ಕೆ ಇದರಲ್ಲಿ ವಿವರಿಸುವಂಥದ್ದು ಏನೂ ಇಲ್ಲ ಅನಿಸಬಹುದು. ಸುಮ್ನೆ ಖರ್ಚು ಮಾಡದೇ ಇದ್ದರಾಯಿತು. ಆದರೆ ಶುರು ಮಾಡಿದ ದಿನವೇ ಪ್ರಶ್ನೆಗಳು ಏಳುತ್ತವೆ. ಅಗತ್ಯ ಯಾವುದು, ಅಲ್ಲದ್ದು ಯಾವುದು? ಮಧ್ಯೆ ಒಂದು ದಿನ ತಪ್ಪಿದರೆ? ತಿಂಗಳು ಮುಗಿದ ಮರುದಿನ ಕಟ್ಟೆ ಒಡೆದ ಹಾಗೆ ಖರ್ಚಾದರೆ? ನಿಜವಾಗಿ ಎಷ್ಟು ಉಳಿಯುತ್ತದೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ತಿಂಗಳು ಉಳಿಯುವ ದುಡ್ಡು ಇದರ ಚಿಕ್ಕ ಲಾಭ. ಕಣ್ಣಿಗೆ ಬೀಳದೆ ಹೋಗುತ್ತಿದ್ದ ಖರ್ಚು ಕಣ್ಣಿಗೆ ಬೀಳುವುದು ದೊಡ್ಡ ಲಾಭ. ರಕ್ತ ಪರೀಕ್ಷೆಗೆ ಮೊದಲು ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಡಾಕ್ಟರು ಹೇಳುತ್ತಾರಲ್ಲ, ಅದು ತೂಕ ಇಳಿಸುವುದಕ್ಕೆ ಅಲ್ಲ. ಒಳಗೆ ಏನಿದೆ ಅಂತ ಸರಿಯಾಗಿ ಕಾಣಲಿ ಅಂತ. ಜೇಬಿನ ಉಪವಾಸವೂ ಹಾಗೆಯೇ.

ಲೆಕ್ಕ ಏನು ಹೇಳುತ್ತದೆ

ಒಬ್ಬರ ತಿಂಗಳ ಆದಾಯವನ್ನು 100 ಪಾಲು ಅಂದುಕೊಳ್ಳೋಣ. ಅದರಲ್ಲಿ 60 ಪಾಲು ಬಿಡಲಾಗದ ಖರ್ಚು. 5 ಪಾಲು ಉಳಿತಾಯ. ಮಿಕ್ಕ 35 ಪಾಲು ಅಲ್ಲಿ ಇಲ್ಲಿ ಹೋಗುತ್ತದೆ. ಒಂದು ತಿಂಗಳು ಎಷ್ಟೇ ಕಟ್ಟುನಿಟ್ಟಾಗಿ ಇದ್ದರೂ 35ಕ್ಕೆ 35 ಉಳಿಯುವುದಿಲ್ಲ. ಕೆಲವಕ್ಕೆ ಆಗಲೇ ದುಡ್ಡು ಕಟ್ಟಿ ಆಗಿರುತ್ತದೆ. ಕೆಲವು ಖರ್ಚು ನಿಲ್ಲುವುದಿಲ್ಲ, ಮುಂದಿನ ತಿಂಗಳಿಗೆ ಹೋಗುತ್ತದೆ ಅಷ್ಟೇ. ಚಪ್ಪಲಿ ಕಿತ್ತಿದ್ದರೆ ಈ ತಿಂಗಳು ತಗೊಳ್ಳದೇ ಇರಬಹುದು, ಮುಂದಿನ ತಿಂಗಳು ತಗೊಳ್ಳಲೇಬೇಕು. ಅದು ಉಳಿತಾಯ ಅಲ್ಲ, ಮುಂದೂಡಿಕೆ.

ಹಾಗಾಗಿ ನಿಜಕ್ಕೂ ಉಳಿದದ್ದು 20 ಪಾಲು ಎನ್ನಿ. ವರ್ಷದ ಆದಾಯ 1,200 ಪಾಲು. ಅದರಲ್ಲಿ 20 ಎಂದರೆ ಶೇಕಡಾ 1.7ರಷ್ಟು ಮಾತ್ರ. ಒಂದು ತಿಂಗಳು ಪಟ್ಟ ಕಷ್ಟಕ್ಕೆ ಇಷ್ಟೇನಾ ಅನಿಸುತ್ತದೆ. ಹೌದು, ಇಷ್ಟೇ.

ಈಗ ಇನ್ನೊಂದು ಲೆಕ್ಕ ನೋಡಿ. ಆ ತಿಂಗಳಲ್ಲಿ ಕೆಲವು ಖರ್ಚುಗಳು ಇಲ್ಲದಿದ್ದರೂ ಏನೂ ವ್ಯತ್ಯಾಸ ಆಗಲಿಲ್ಲ ಅಂತ ಅವರಿಗೆ ಗೊತ್ತಾಯಿತು. ಅವನ್ನು ಮಾತ್ರ ಶಾಶ್ವತವಾಗಿ ಕೈಬಿಟ್ಟರು. ತಿಂಗಳಿಗೆ ಬರೀ 8 ಪಾಲು ಕಡಿಮೆ ಆಯಿತು. ವರ್ಷಕ್ಕೆ 96 ಪಾಲು. ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಪೂರ್ತಿ ಸಂಬಳ! ಈ ಎರಡನೇ ಲೆಕ್ಕದಲ್ಲಿ ಯಾರೂ ಹಲ್ಲು ಕಚ್ಚಿ ಸಹಿಸಿಲ್ಲ. ಬೇಡವಾದದ್ದನ್ನು ಬಿಟ್ಟಿದ್ದಾರೆ ಅಷ್ಟೇ.

ಕ್ರೆಡಿಟ್ ಕಾರ್ಡ್ ಬಾಕಿ ಇರುವವರಿಗೆ ಮೊದಲ ಲೆಕ್ಕವೂ ತೂಕದ್ದೇ. ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 3 ಬಡ್ಡಿ ಬೀಳುತ್ತಿದೆ ಅಂದುಕೊಳ್ಳಿ. ಕೇಳುವುದಕ್ಕೆ ಚಿಕ್ಕ ಅಂಕಿ. ಆದರೆ ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ 100 ಪಾಲಿನ ಬಾಕಿ ಒಂದೇ ವರ್ಷದಲ್ಲಿ 142 ದಾಟುತ್ತದೆ. ಉಳಿಸಿದ 20 ಪಾಲನ್ನು ಅವರು ನೇರವಾಗಿ ಆ ಬಾಕಿಗೆ ಕಟ್ಟಿದರೆ, ವರ್ಷದಲ್ಲಿ ಸುಮಾರು 8.5 ಪಾಲು ಬಡ್ಡಿಯೂ ತಪ್ಪುತ್ತದೆ. ಸಾಲ ಇದ್ದರೆ ಉಪವಾಸದ ದುಡ್ಡು ಮೊದಲು ಅಲ್ಲಿಗೇ ಹೋಗಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಹಾಸಿಗೆ ಎಷ್ಟು ಉದ್ದ ಇದೆ ಅಂತ ಅಳೆದು ನೋಡಿದವರು ಕಡಿಮೆ. ಈ ಒಂದು ತಿಂಗಳು ಇರುವುದು ಆ ಅಳತೆಗೆ.

ಅಗತ್ಯ ಅಂದರೆ ಯಾವುದು?

ಬಹಳ ಜನ ಎಡವುವುದು ಇಲ್ಲೇ. ಊಟ ಅಗತ್ಯ, ಹೌದು. ಹೊರಗಿನ ಊಟ? ಫೋನು ಅಗತ್ಯ. ಹೊಸ ಫೋನು? ಕೂದಲು ಕತ್ತರಿಸಿಕೊಳ್ಳುವುದು? ಗೆಳೆಯರ ಮದುವೆಗೆ ಉಡುಗೊರೆ? ಮಗುವಿನ ಈಜು ತರಗತಿ? ಒಂದೊಂದನ್ನೂ ಎತ್ತಿಕೊಂಡು ಕೂತರೆ ಗೆರೆ ಎಲ್ಲಿ ಎಳೆಯಬೇಕು ಅಂತಲೇ ತಿಳಿಯುವುದಿಲ್ಲ.

ಇದು ಹೊಸ ಗೊಂದಲ ಅಲ್ಲ. 1776ರಲ್ಲೇ ಅರ್ಥಶಾಸ್ತ್ರಜ್ಞ ಆ್ಯಡಮ್ ಸ್ಮಿತ್ ಇದರ ಬಗ್ಗೆ ಬರೆದಿದ್ದಾರೆ. ಅವರು ತೆಗೆದುಕೊಂಡ ಉದಾಹರಣೆ ಲಿನನ್ ಅಂಗಿ. ಜೀವ ಉಳಿಸಿಕೊಳ್ಳುವುದಕ್ಕೆ ಲಿನನ್ ಅಂಗಿ ಬೇಕಾಗಿಲ್ಲ. ಹಳೆಯ ಕಾಲದ ಗ್ರೀಕರೂ ರೋಮನ್ನರೂ ಅದಿಲ್ಲದೆ ಹಾಯಾಗಿಯೇ ಇದ್ದರು. ಆದರೆ ತಮ್ಮ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ದಿನಗೂಲಿಯವನೂ ಆ ಅಂಗಿ ಇಲ್ಲದೆ ನಾಲ್ಕು ಜನರ ಎದುರು ನಿಲ್ಲಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯದ ವಸ್ತುವೇ ಅಂತ ಸ್ಮಿತ್ ಹೇಳಿದರು. ಅಂದರೆ ಯಾವುದು ಅಗತ್ಯ ಅಂತ ಹೊಟ್ಟೆ ಒಂದೇ ತೀರ್ಮಾನ ಮಾಡುವುದಿಲ್ಲ. ಸುತ್ತಲಿನ ಬದುಕೂ ತೀರ್ಮಾನ ಮಾಡುತ್ತದೆ.

ಈ ಮಾತು ನನಗೆ ಮುಖ್ಯ ಅನಿಸುವುದಕ್ಕೆ ಕಾರಣ ಇದೆ. ಮಿತವ್ಯಯದ ಬಗ್ಗೆ ಮಾತಾಡುವವರು ಕೆಲವೊಮ್ಮೆ ಇಂಟರ್ನೆಟ್ಟು, ಫೋನು, ಒಳ್ಳೆಯ ಬಟ್ಟೆ ಎಲ್ಲವನ್ನೂ ಒಟ್ಟಿಗೆ ಶೋಕಿ ಅಂದುಬಿಡುತ್ತಾರೆ. ಕೆಲಸಕ್ಕೆ ಅರ್ಜಿ ಹಾಕುವುದು, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲ ಫೋನಿನಲ್ಲೇ ನಡೆಯುವಾಗ ಅದು ಈ ಕಾಲದ ಲಿನನ್ ಅಂಗಿ. ಅದನ್ನು ಕತ್ತರಿಸಿ ಏನೂ ಸಾಧಿಸಿದ ಹಾಗಾಗುವುದಿಲ್ಲ.

ಹಾಗಾದರೆ ಗೆರೆ ಎಳೆಯುವುದು ಹೇಗೆ? ನಾನು ಬಳಸುವ ಪ್ರಶ್ನೆ ಒಂದೇ. ಇದನ್ನು ಒಂದು ತಿಂಗಳು ಬಿಟ್ಟರೆ ಏನು ಕೆಡುತ್ತದೆ? ಆರೋಗ್ಯ ಕೆಡುತ್ತದೆ, ಕೆಲಸ ಕೆಡುತ್ತದೆ, ಸಂಬಂಧ ಕೆಡುತ್ತದೆ, ಇಲ್ಲವೇ ಮುಂದೆ ಇದಕ್ಕಿಂತ ದೊಡ್ಡ ಖರ್ಚು ಬರುತ್ತದೆ ಅಂತಾದರೆ ಅದು ಅಗತ್ಯ. ಬೇಜಾರಾಗುತ್ತದೆ ಅಷ್ಟೇ ಅಂತಾದರೆ ಅದು ಒಂದು ತಿಂಗಳು ಕಾಯಬಹುದು.

ಮುಂದೆ ದೊಡ್ಡ ಖರ್ಚು ಬರುತ್ತದೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಲ್ಲಿನಲ್ಲಿ ಚಿಕ್ಕ ಹುಳುಕು ಇದೆ. ಈಗ ತುಂಬಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಬಿಟ್ಟರೆ ಒಳಗಿನ ನರದವರೆಗೂ ಇಳಿದು ರೂಟ್ ಕೆನಾಲ್ ಮಾಡಿಸಬೇಕಾಗುತ್ತದೆ. ಗಾಡಿಯ ಬ್ರೇಕ್ ಪ್ಯಾಡ್ ಸವೆದಿದೆ. ಈಗ ಬದಲಿಸಿದರೆ ಪ್ಯಾಡಿನ ದುಡ್ಡು ಮಾತ್ರ. ಬಿಟ್ಟರೆ ಡಿಸ್ಕೂ ಹಾಳು, ಜೀವಕ್ಕೂ ಅಪಾಯ. ವಿಮೆಯ ಕಂತು, ದಿನಾ ತಗೊಳ್ಳುವ ಮಾತ್ರೆ, ಸೋರುವ ನಲ್ಲಿ ಇವೆಲ್ಲ ಇದೇ ಗುಂಪಿಗೆ ಸೇರಿದವು. ಖರ್ಚಿಗೆ ಬಿಡುವು ಕೊಟ್ಟಿದ್ದೇನೆ ಅಂತ ಇವಕ್ಕೆ ಕತ್ತರಿ ಹಾಕಬೇಡಿ. ಇನ್ನೊಂದು ಮಾತು. ನಿಮ್ಮ ಮನೆಗೆಲಸಕ್ಕೆ ಬರುವವರ ಸಂಬಳ ಅಗತ್ಯ ಖರ್ಚು. ನಮ್ಮ ಪ್ರಯೋಗಕ್ಕೆ ಅವರ ಮನೆಯ ಒಲೆ ಆರಬಾರದು.

ಗೆರೆ ಎಳೆದ ಮೇಲೆ ಅದನ್ನು ಕಾಗದದಲ್ಲಿ ಬರೆದಿಡಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಈ ತಿಂಗಳು ಆದಷ್ಟು ಕಡಿಮೆ ಖರ್ಚು ಮಾಡುತ್ತೇನೆ ಅನ್ನುವ ನಿಯಮ ನಿಲ್ಲುವುದಿಲ್ಲ. ಆದಷ್ಟು ಅನ್ನುವ ಪದಕ್ಕೆ ಅಂಗಡಿಯ ಬಾಗಿಲಲ್ಲಿ ಒಂದು ಅರ್ಥ, ಒಳಗೆ ಹೋದ ಮೇಲೆ ಇನ್ನೊಂದು ಅರ್ಥ. ಪ್ರತಿ ಸಲವೂ ಮನಸ್ಸಿನ ಜೊತೆ ವಾದ ಮಾಡಬೇಕಾಗುತ್ತದೆ, ದಿನದ ಕೊನೆಗೆ ಸುಸ್ತಾದ ಮನಸ್ಸು ಸೋಲುತ್ತದೆ. ಅದರ ಬದಲು ಬಟ್ಟೆ ಇಲ್ಲ, ಗ್ಯಾಜೆಟ್ ಇಲ್ಲ, ಹೊರಗಿನ ಊಟ ವಾರಕ್ಕೆ ಒಂದೇ ಸಲ ಅಂತ ಬರೆದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ.

ಶುರು ಮಾಡುವುದು ಸಂಬಳದ ದಿನದಿಂದ, ಮುಗಿಸುವುದು ಮುಂದಿನ ಸಂಬಳಕ್ಕೆ. ತಿಂಗಳ ಕೊನೆಯ ಹತ್ತು ದಿನ ಮಾತ್ರ ಮಾಡಿದರೆ ಪ್ರಯೋಜನ ಕಡಿಮೆ. ಕೈಯಲ್ಲಿ ದುಡ್ಡು ಇಲ್ಲದಾಗ ಎಲ್ಲರೂ ಮಿತವ್ಯಯಿಗಳೇ. ದುಡ್ಡು ಬಂದ ಹೊಸದರಲ್ಲಿ ಕೈ ಹೇಗೆ ಓಡುತ್ತದೆ ಅಂತ ನೋಡಬೇಕು.

ಕೈ ಸಡಿಲವಾಗುವುದು ಯಾಕೆ?

ನೋಟು ಎಣಿಸಿ ಕೊಡುವಾಗ ಒಳಗೆ ಎಲ್ಲೋ ಒಂದು ಚೂರು ಚುರುಕ್ ಅನ್ನುತ್ತದೆ. ಅರ್ಥಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ಸೇರಿಸಿ ಓದುವವರು ಇದಕ್ಕೆ ‘ದುಡ್ಡು ಕೊಡುವ ನೋವು’ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೊವೆನ್‌ಸ್ಟೈನ್ 1998ರಲ್ಲಿ ಇದನ್ನು ವಿವರವಾಗಿ ಬರೆದರು. 2007ರಲ್ಲಿ ಬ್ರಯನ್ ನಟ್ಸನ್ ಮತ್ತು ಜೊತೆಗಾರರು ಜನ ವಸ್ತುಗಳನ್ನು ಆರಿಸುವಾಗ ಅವರ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ಬೆಲೆ ತೀರಾ ಜಾಸ್ತಿ ಅನಿಸಿದಾಗ ಇನ್ಸುಲಾ ಅನ್ನುವ ಭಾಗ ಚುರುಕಾಗುತ್ತಿತ್ತು. ಅಹಿತವಾದದ್ದನ್ನು ಅನುಭವಿಸುವಾಗಲೂ ಚುರುಕಾಗುವ ಭಾಗ ಅದು. ಅದು ಹೀಗೆ ಚುರುಕಾದಾಗ ಜನ ಆ ವಸ್ತುವನ್ನು ಬಿಟ್ಟುಬಿಡುವ ಸಾಧ್ಯತೆ ಹೆಚ್ಚಿತ್ತು.

ಅಂದರೆ ಆ ಚುರುಕ್ ನಮ್ಮ ಬ್ರೇಕು. ಈಗಿನ ವ್ಯವಸ್ಥೆಗಳೆಲ್ಲ ಆ ಬ್ರೇಕನ್ನು ಬಿಚ್ಚಿ ಇಡುವ ಕಡೆಗೇ ಹೋಗುತ್ತಿವೆ.

2001ರಲ್ಲಿ ಇದೇ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಜೊತೆ ಸೇರಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಂಬಿಎ ವಿದ್ಯಾರ್ಥಿಗಳಿಗೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದರು. ಅರ್ಧ ಜನಕ್ಕೆ ನಗದು ಕೊಡಬೇಕು ಅಂದರು, ಇನ್ನರ್ಧಕ್ಕೆ ಕಾರ್ಡಿನಲ್ಲಿ ಕೊಡಬೇಕು ಅಂದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರಿಗಿಂತ ಸರಿಸುಮಾರು ಎರಡರಷ್ಟಿತ್ತು. ಟಿಕೆಟ್ ಅದೇ, ಪಂದ್ಯ ಅದೇ. ದುಡ್ಡು ಕೊಡುವ ರೀತಿ ಒಂದೇ ಬೇರೆ.

ಅಲ್ಲಿಂದ ಮುಂದೆ ಹಾದಿ ಇನ್ನೂ ನುಣುಪಾಗಿದೆ. ಒಂದೇ ಒತ್ತಿಗೆ ಖರೀದಿ ಮುಗಿಯುವ ವಿಧಾನಕ್ಕೆ 1999ರಲ್ಲಿ ಅಮೆಜಾನ್ ಕಂಪನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. 2017ರಲ್ಲಿ ಅದರ ಅವಧಿ ಮುಗಿಯಿತು. ವಿಳಾಸ ಬರೆಯುವುದು, ಕಾರ್ಡಿನ ನಂಬರು ಹಾಕುವುದು, ಇನ್ನೊಮ್ಮೆ ನೋಡಿ ಒಪ್ಪುವುದು, ಹೀಗೆ ಮಧ್ಯೆ ಇದ್ದ ಒಂದೊಂದು ಮೆಟ್ಟಿಲೂ ನಮಗೆ ಬೇಕಾ ಅಂತ ಕೇಳಿಕೊಳ್ಳುವ ಜಾಗವಾಗಿತ್ತು. ಮೆಟ್ಟಿಲು ತೆಗೆದು ಜಾರುಬಂಡೆ ಇಟ್ಟರೆ ಕೇಳಿಕೊಳ್ಳುವುದಕ್ಕೆ ಹೊತ್ತೇ ಸಿಗುವುದಿಲ್ಲ. ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುವ ಸಬ್‌ಸ್ಕ್ರಿಪ್ಶನ್ನಿನಲ್ಲಂತೂ ಆ ಒಂದು ಒತ್ತೂ ಇಲ್ಲ. ಎಂದೋ ಒಂದು ದಿನ ಹೂಂ ಅಂದಿದ್ದಕ್ಕೆ ವರ್ಷಗಟ್ಟಲೆ ದುಡ್ಡು ಹೋಗುತ್ತಿರುತ್ತದೆ.

ಅದಕ್ಕೇ ಉಪವಾಸದ ಮೊದಲ ದಿನ ನಾನು ಹೇಳುವ ಕೆಲಸ ಇದು. ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ. ಆಫರ್ ಬಂದಿದೆ ಅಂತ ಕಿರುಚುವ ನೋಟಿಫಿಕೇಶನ್‌ಗಳನ್ನು ಬಂದ್ ಮಾಡಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ತಾನಾಗಿಯೇ ಹೋಗುತ್ತಿರುವ ಒಂದೊಂದು ಕಡಿತಕ್ಕೂ ಗುರುತು ಹಾಕಿ. ಕಿತ್ತುಹೋದ ಮೆಟ್ಟಿಲುಗಳನ್ನು ನಾವೇ ಮತ್ತೆ ಜೋಡಿಸಿದ ಹಾಗೆ ಇದು. ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಹಾದಿಯಲ್ಲಿ ನಾಲ್ಕು ಕಲ್ಲು ಇಡುವುದು ಸುಲಭ, ಅದರ ಪರಿಣಾಮವೂ ಜಾಸ್ತಿ.

ಇನ್ನೊಂದು ಎಳೆತ ಇದೆ. ಒಂದು ವಸ್ತು ಇನ್ನೊಂದನ್ನು ಕರೆಯುವುದು. ಫ್ರೆಂಚ್ ಚಿಂತಕ ಡೆನಿ ಡಿಡೆರೊ 1769ರ ಸುಮಾರಿಗೆ ಬರೆದ ಒಂದು ಪ್ರಬಂಧ ಇದರ ಬಗ್ಗೆಯೇ ಇದೆ. ಅವರಿಗೆ ಒಂದು ಚೆಂದದ ಕೆಂಪು ನಿಲುವಂಗಿ ಬಂತು. ಹಾಕಿಕೊಂಡು ಕೂತರೆ ಸುತ್ತಲಿನ ಹಳೆಯ ಸಾಮಾನೆಲ್ಲ ಮಂಕಾಗಿ ಕಂಡಿತು. ಹುಲ್ಲಿನ ಕುರ್ಚಿಯ ಜಾಗಕ್ಕೆ ಚರ್ಮದ ಕುರ್ಚಿ ಬಂತು. ಹಳೆಯ ಮೇಜು ಹೋಗಿ ಬೆಲೆಬಾಳುವ ಮೇಜು ಬಂತು. ಹಳೆಯ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಅಂತ ಅವರು ಕೊರಗಿದರು. 1988ರಲ್ಲಿ ಮಾನವಶಾಸ್ತ್ರಜ್ಞ ಗ್ರ್ಯಾಂಟ್ ಮೆಕ್‌ಕ್ರ್ಯಾಕೆನ್ ಈ ಸರಪಳಿಗೆ ಡಿಡೆರೊ ಪರಿಣಾಮ ಅಂತ ಹೆಸರಿಟ್ಟರು. ಹೊಸ ಫೋನಿಗೆ ಹೊಸ ಕವರು, ಕವರಿಗೆ ಒಪ್ಪುವ ಪಟ್ಟಿ, ಆಮೇಲೆ ಹೊಸ ಇಯರ್‌ಫೋನು. ಹೀಗೆ ಹೋಗುವ ಸರಪಳಿಯನ್ನು ತಡೆಯುವುದು ಮೊದಲ ಕೊಂಡಿಯಲ್ಲೇ ಸುಲಭ. ತಿಂಗಳ ಬಿಡುವು ಮಾಡುವುದು ಆ ಕೆಲಸವನ್ನೇ.

ನೋಟ್‌ಬುಕ್ಕು

ಈ ಇಡೀ ಪ್ರಯೋಗದಲ್ಲಿ ಒಂದೇ ಒಂದು ಸಾಮಾನು ಬೇಕು. ಒಂದು ನೋಟ್‌ಬುಕ್ಕು, ಒಂದು ಪೆನ್ನು. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಆದರೂ ಸಾಕು.

ಮನೆಯ ಲೆಕ್ಕ ಬರೆಯುವುದಕ್ಕೆ ದೊಡ್ಡ ಇತಿಹಾಸವೇ ಇದೆ. ಜಪಾನಿನಲ್ಲಿ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ಮನೆವಾರ್ತೆಯ ಲೆಕ್ಕದ ಪುಸ್ತಕವೊಂದನ್ನು ಹೊರತಂದರು. ಅದನ್ನು ಅಲ್ಲಿ ಕಕೇಬೊ ಅನ್ನುತ್ತಾರೆ. ನೂರು ವರ್ಷ ದಾಟಿದರೂ ಜನ ಅದನ್ನು ಕೈಯಲ್ಲೇ ಬರೆಯುತ್ತಿದ್ದಾರೆ. ಕೈಯಲ್ಲಿ ಬರೆಯುವಾಗ ನಿಧಾನವಾಗುತ್ತದೆ. ಆ ನಿಧಾನವೇ ಲಾಭ.

ಆದರೆ ಉಪವಾಸದ ತಿಂಗಳಲ್ಲಿ ಕೊಂಡದ್ದನ್ನು ಬರೆಯುವುದಕ್ಕಿಂತ, ಕೊಳ್ಳಬೇಕು ಅನಿಸಿ ಕೊಳ್ಳದೇ ಬಿಟ್ಟದ್ದನ್ನು ಬರೆಯುವುದು ಮುಖ್ಯ ಅಂತ ನನಗೆ ಅನುಭವದಿಂದ ಅನಿಸಿದೆ. ಕೊಂಡದ್ದು ಬ್ಯಾಂಕಿನ ದಾಖಲೆಯಲ್ಲಿ ಹೇಗೂ ಇರುತ್ತದೆ. ಆಸೆ ಎಲ್ಲೂ ದಾಖಲಾಗುವುದಿಲ್ಲ.

ನನ್ನ ಪುಟದಲ್ಲಿ ನಾಲ್ಕು ಕಾಲಂ ಎಳೆದುಕೊಂಡಿದ್ದೆ. ದಿನ, ಹೊತ್ತು, ವಸ್ತು, ಆಗ ಏನು ಮಾಡುತ್ತಿದ್ದೆ. ಮೊದಲ ವಾರ ಬರೆಯುವುದೇ ಕಿರಿಕಿರಿ. ಒಂದು ಸಾಲು ಹೀಗಿತ್ತು: ಮಂಗಳವಾರ, ರಾತ್ರಿ 10.40, ಹೆಡ್‌ಫೋನು, ಮಲಗುವ ಮೊದಲು ಫೋನ್ ನೋಡುತ್ತಿದ್ದೆ. ಅದರ ಕೆಳಗೆ: ಗುರುವಾರ, ರಾತ್ರಿ 11.15, ಗೋಡೆಗೆ ಹಾಕುವ ದೀಪ, ಮಲಗುವ ಮೊದಲು ಫೋನ್ ನೋಡುತ್ತಿದ್ದೆ. ಮೂರನೇ ವಾರ ಪುಟವನ್ನು ಮೇಲಿನಿಂದ ಕೆಳಗೆ ಓದಿದಾಗ ನಾಲ್ಕನೇ ಕಾಲಂನಲ್ಲಿ ಹೆಚ್ಚು ಕಡೆ ಅದೇ ವಾಕ್ಯ ಇತ್ತು. ನನಗೆ ಹೆಡ್‌ಫೋನು ಬೇಕಾಗಿರಲಿಲ್ಲ, ದೀಪವೂ ಬೇಕಾಗಿರಲಿಲ್ಲ. ದಿನವಿಡೀ ದುಡಿದು ದಣಿದ ಮೇಲೆ ನನಗಾಗಿ ಏನಾದರೂ ಒಂದು ಆಗಬೇಕು ಅನಿಸುತ್ತಿತ್ತು. ಕೈಯಲ್ಲಿ ಫೋನು ಇತ್ತು. ಅಲ್ಲಿಗೆ ಕತೆ ಮುಗಿಯಿತು. ಅದು ತಿಳಿದ ಮೇಲೆ ಫೋನನ್ನು ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಇಟ್ಟು ಮಲಗುವುದಕ್ಕೆ ಶುರು ಮಾಡಿದೆ. ನನ್ನ ತಿಂಗಳ ಖರ್ಚಿನಲ್ಲಿ ಅತಿ ದೊಡ್ಡ ಇಳಿತ ತಂದದ್ದು ಆ ಒಂದೇ ಬದಲಾವಣೆ.

ನಿಮ್ಮ ಪುಟದಲ್ಲಿ ಬೇರೆಯೇ ವಾಕ್ಯ ಇರಬಹುದು. ಯಾರ ಜೊತೆಗೋ ಹೋದಾಗ, ಬೈಗುಳ ತಿಂದ ದಿನ, ಸಂಬಳ ಬಂದ ಸಂಜೆ. ಅದು ಏನು ಅಂತ ಬೇರೆಯವರು ಹೇಳಲಾರರು. ಅದಕ್ಕೇ ಖರ್ಚು ಕಡಿಮೆ ಮಾಡುವ ನೂರು ಸಲಹೆ ಓದುವುದಕ್ಕಿಂತ ನಿಮ್ಮದೇ ಒಂದು ಪುಟ ತುಂಬಿಸುವುದು ಮೇಲು.

ಕೊಳ್ಳುವ ದಾರಿ ಮುಚ್ಚಿದಾಗ ಇನ್ನೊಂದು ಆಗುತ್ತದೆ. ಇರುವ ವಸ್ತುವಿನ ಕಡೆ ಕಣ್ಣು ತಿರುಗುತ್ತದೆ. ಒಂಬತ್ತನೇ ದಿನ ನನ್ನ ಬ್ಯಾಗಿನ ಜಿಪ್ ಕೈಕೊಟ್ಟಿತು. ಎಳೆದರೆ ಹಿಂದಿನಿಂದ ಹಲ್ಲುಗಳು ಬಿಟ್ಟುಕೊಳ್ಳುತ್ತಿದ್ದವು. ಬೇರೆ ತಿಂಗಳಾಗಿದ್ದರೆ ಆ ರಾತ್ರಿಯೇ ಹೊಸ ಬ್ಯಾಗು ಆರ್ಡರ್ ಆಗುತ್ತಿತ್ತು. ಈ ಸಲ ಕೂತು ನೋಡಿದೆ. ಜಿಪ್ಪಿನ ಹಲ್ಲು ಒಂದೂ ಮುರಿದಿರಲಿಲ್ಲ. ಅವನ್ನು ಕೂಡಿಸುವ ಚಿಕ್ಕ ಲೋಹದ ಗುಂಡಿ ಸವೆದು ಬಾಯಿ ಅಗಲವಾಗಿತ್ತು. ಇಕ್ಕಳದಲ್ಲಿ ಅದರ ಎರಡೂ ಬದಿಯನ್ನು ಹಗುರಾಗಿ ಒತ್ತಿದೆ. ಜೋರಾಗಿ ಒತ್ತಿದರೆ ಗುಂಡಿ ಮುರಿಯುತ್ತದೆ, ಅದಕ್ಕೇ ಚೂರು ಒತ್ತುವುದು, ಎಳೆದು ನೋಡುವುದು, ಮತ್ತೆ ಚೂರು ಒತ್ತುವುದು. ಹಲ್ಲುಗಳ ಮೇಲೆ ಮೇಣದಬತ್ತಿ ಉಜ್ಜಿದೆ. ಐದು ನಿಮಿಷದ ಕೆಲಸ. ಆ ಬ್ಯಾಗನ್ನು ಇವತ್ತಿಗೂ ಬಳಸುತ್ತಿದ್ದೇನೆ.

ತಪ್ಪಿದ ದಿನ, ಮುಗಿದ ಮರುದಿನ

ಮಧ್ಯೆ ಒಂದು ದಿನ ನಿಯಮ ಮುರಿದರೆ ಹಲವರು ಇನ್ನೇನು, ಹೋಯಿತಲ್ಲ ಅಂತ ಇಡೀ ತಿಂಗಳನ್ನೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ಹೊಸ ಅಭ್ಯಾಸ ಮೈಗೂಡುವುದು ಹೇಗೆ ಅಂತ ಅಧ್ಯಯನ ಮಾಡಿದರು. ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕಾಯಿತು. ಆದರೆ ವ್ಯತ್ಯಾಸ ತುಂಬಾ ದೊಡ್ಡದು, 18 ದಿನದಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ. 21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದಲ್ಲ, ಅದರ ಬೇರು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದದ್ದರಲ್ಲಿದೆ. ಮುಖದ ಆಪರೇಶನ್ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಅದಕ್ಕೂ ಖರ್ಚಿನ ಅಭ್ಯಾಸಕ್ಕೂ ಎಲ್ಲಿಯ ಸಂಬಂಧ!

ಹಾಗಾಗಿ ಒಂದು ತಿಂಗಳಲ್ಲಿ ಸ್ವಭಾವ ಬದಲಾಗುತ್ತದೆ ಅಂತ ನಾನು ಹೇಳುವುದಿಲ್ಲ. ತಪ್ಪಿದ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಜ ಹೇಳಬೇಕೆಂದರೆ ತಪ್ಪದ ದಿನಕ್ಕಿಂತ ತಪ್ಪಿದ ದಿನವೇ ಜಾಸ್ತಿ ಕಲಿಸುತ್ತದೆ.

ದೊಡ್ಡ ಅಪಾಯ ಇರುವುದು ತಿಂಗಳು ಮುಗಿದ ಮರುದಿನ. ಇಷ್ಟು ದಿನ ಕಷ್ಟಪಟ್ಟಿದ್ದೇನೆ, ಈಗ ನನಗೆ ಹಕ್ಕಿದೆ ಅನ್ನುವ ಭಾವನೆ ಬರುತ್ತದೆ. ಉಳಿದ ದುಡ್ಡು ಅದೇ ಖಾತೆಯಲ್ಲಿ ಕಣ್ಣೆದುರೇ ಕೂತಿರುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಒಂದು ವಸ್ತುವನ್ನು ಬೇಡ ಅಂತ ಬಿಟ್ಟ ದಿನವೇ ಅದರ ಬೆಲೆಯಷ್ಟು ದುಡ್ಡನ್ನು ಬೇರೆ ಖಾತೆಗೆ ಹಾಕಿಬಿಡಿ. ಆ ಖಾತೆಗೆ ಒಂದು ಹೆಸರಿಡಿ. ಆಪತ್ತಿಗೆ ಅಂತಲೋ, ಸಾಲ ತೀರಿಸಲು ಅಂತಲೋ. ಎಲ್ಲ ದುಡ್ಡೂ ಒಂದೇ ಆದರೂ ಮನಸ್ಸು ಅದನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ ಅನ್ನುವುದನ್ನು ರಿಚರ್ಡ್ ಥೇಲರ್ ತೋರಿಸಿಕೊಟ್ಟರು. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಹೆಸರಿಟ್ಟ ಡಬ್ಬಿಗೆ ಕೈ ಹಾಕುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಆ ಹಿಂಜರಿಕೆಯನ್ನು ನಮ್ಮ ಪರವಾಗಿ ಬಳಸಿಕೊಳ್ಳಬಹುದು.

ಬಿಟ್ಟದ್ದೆಲ್ಲ ಶಾಶ್ವತವಾಗಿ ಬಿಡಬೇಕು ಅಂತಲೂ ಇಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೋರ್ಡಿ ಕ್ವಾಯ್ಡ್‌ಬಾಕ್ ಮತ್ತು ಎಲಿಜಬೆತ್ ಡನ್ ಕೆಲವರಿಗೆ ಒಂದು ವಾರ ಚಾಕೊಲೇಟ್ ಮುಟ್ಟಬೇಡಿ ಅಂದರು. ಇನ್ನು ಕೆಲವರಿಗೆ ಬೇಕಾದಷ್ಟು ತಿನ್ನಿ ಅಂತ ಕೊಟ್ಟರು. ವಾರದ ಕೊನೆಗೆ ಎಲ್ಲರಿಗೂ ಚಾಕೊಲೇಟ್ ಕೊಟ್ಟಾಗ, ಬಿಟ್ಟಿದ್ದವರು ಅದನ್ನು ಹೆಚ್ಚು ಸವಿದರು. ದಿನಾ ಸಿಗುವುದು ದಿನಾ ಸಿಗುವುದರಿಂದಲೇ ಸಪ್ಪೆಯಾಗುತ್ತದೆ. ತಿಂಗಳ ನಂತರ ಯಾವುದನ್ನು ಮರಳಿ ಶುರು ಮಾಡಿದಾಗ ನಿಜಕ್ಕೂ ಖುಷಿಯಾಯಿತು ಅಂತ ನೋಡಿ. ಅದಕ್ಕೆ ಖರ್ಚು ಮಾಡಿ, ಮನಸ್ಸು ತುಂಬಿ ಮಾಡಿ. ಯಾವುದು ಮರಳಿ ಬಂದರೂ ಏನೂ ಅನಿಸಲಿಲ್ಲವೋ, ಅದು ಆ 8 ಪಾಲಿನ ಗುಂಪಿಗೆ ಸೇರಿತು.

ಇದು ಯಾರಿಗೆ ಅಲ್ಲ

ಬರುವ ಆದಾಯ ಬಾಡಿಗೆಗೂ ಊಟಕ್ಕೂ ಸಾಲದೇ ಇರುವವರಿಗೆ ಈ ಸಲಹೆ ಕೊಡುವುದು ತಪ್ಪು. ಅವರ ಬದುಕಿನಲ್ಲಿ ಕತ್ತರಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ವರ್ಷವಿಡೀ ಉಪವಾಸ ಇರುವವರಿಗೆ ಉಪವಾಸದ ಮಹಿಮೆ ಹೇಳಿದ ಹಾಗಾಗುತ್ತದೆ. ಅವರಿಗೆ ಬೇಕಾದದ್ದು ಹೆಚ್ಚಿನ ಕೂಲಿ, ಕಡಿಮೆ ಬಡ್ಡಿಯ ಸಾಲ, ಒಳ್ಳೆಯ ಸರ್ಕಾರಿ ಆಸ್ಪತ್ರೆ.

ಮನೆಯಲ್ಲಿ ನಾಲ್ಕು ಜನ ಇದ್ದರೆ ಒಬ್ಬರೇ ತೀರ್ಮಾನ ಮಾಡಿ ಉಳಿದವರ ಮೇಲೆ ಹೇರಬೇಡಿ. ಕೂತು ಮಾತಾಡಿ, ಒಬ್ಬೊಬ್ಬರಿಗೂ ಬಿಡಲಾಗದ ಒಂದು ಚಿಕ್ಕ ಖುಷಿ ಉಳಿಯಲಿ. ಗೆಳೆಯರಿಗೆ ಸುಳ್ಳು ನೆಪ ಹೇಳುವುದೂ ಬೇಡ. ಈ ತಿಂಗಳು ಖರ್ಚಿಗೆ ಬಿಡುವು ಕೊಟ್ಟಿದ್ದೇನೆ, ಹೊರಗೆ ಹೋಗುವ ಬದಲು ನಮ್ಮ ಮನೆಗೇ ಬಾ ಅಂದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಎಲ್ಲರೂ ಹೀಗೆ ಖರ್ಚು ನಿಲ್ಲಿಸಿದರೆ ಅಂಗಡಿಗಳ ಗತಿ ಏನು ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಎಲ್ಲರ ಆದಾಯವೂ ಕುಸಿದು, ಕೊನೆಗೆ ಉಳಿತಾಯವೂ ಹೆಚ್ಚುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ವಾದಿಸಿದರು. ಜಗತ್ತು ಮಹಾ ಆರ್ಥಿಕ ಕುಸಿತದಲ್ಲಿದ್ದ ಕಾಲ ಅದು. ಆದರೆ ಒಬ್ಬೊಬ್ಬರು ತಮಗೆ ಅನುಕೂಲವಾದ ತಿಂಗಳಲ್ಲಿ ಮಾಡುವ ಬಿಡುವಿನಿಂದ ಅಂಥದ್ದೇನೂ ಆಗುವುದಿಲ್ಲ. ಬೇಡದ ವಸ್ತುವಿಗೆ ಹೋಗುತ್ತಿದ್ದ ದುಡ್ಡು ಬೇಕಾದದ್ದಕ್ಕೆ ಹೋಗುತ್ತದೆ, ಅಲ್ಲೂ ಯಾರೋ ದುಡಿಯುತ್ತಿರುತ್ತಾರೆ.

ತಿಂಗಳು ಮುಗಿದ ದಿನ ನಾನು ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ಓದಿದೆ. ಒಟ್ಟು 27 ವಸ್ತುಗಳಿದ್ದವು. ಇನ್ನೂ ಬೇಕು ಅನಿಸಿದ್ದಕ್ಕೆ ಟಿಕ್ ಹಾಕುತ್ತಾ ಹೋದೆ. ನಾಲ್ಕು ಟಿಕ್ ಬಿದ್ದವು. ಉಳಿದವುಗಳಲ್ಲಿ ಒಂದು ಸಾಲಿನ ಹತ್ತಿರ ಬಹಳ ಹೊತ್ತು ನಿಂತೆ. ಆರನೇ ದಿನದ್ದು, ರಾತ್ರಿ 11 ಗಂಟೆಯದ್ದು. ಕೆಳಗೆ ಎರಡು ಗೆರೆ ಎಳೆದು, ನನ್ನದೇ ಕೈಬರಹದಲ್ಲಿ ನೀಲಿ ಬಣ್ಣದ್ದು, ಚಿಕ್ಕದು ಅಂತ ಬರೆದಿತ್ತು. ಅದು ಯಾವ ವಸ್ತು ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.